ಹಿತ್ತಲಿಗೂ ಒಂದು ಪಾಲು ಕೊಡಿ

ಹೊಸ ಮನೆ ಕಟ್ಟುವಾಗ ಮುಂಬಾಗಿಲಿಗೆ ಯಾವ ಮರ, ಗೇಟಿಗೆ ಯಾವ ಬಣ್ಣ, ಪಡಸಾಲೆಗೆ ಯಾವ ಟೈಲ್ಸ್ ಎಂದು ಮನೆಮಂದಿಯೆಲ್ಲ ಕೂತು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಹಿತ್ತಲಿನ ಬಗ್ಗೆ ಹತ್ತು ನಿಮಿಷ ಮಾತಾಡಿದವರನ್ನು ನೀವು ಕಂಡಿದ್ದೀರಾ? ಮನೆ ಮುಗಿದು ಉಳಿದದ್ದು ಹಿತ್ತಲು. ಒಡೆದ ಇಟ್ಟಿಗೆ, ಖಾಲಿ ಸಿಮೆಂಟ್ ಚೀಲ, ಮುರಿದ ಮಂಚ ಎಲ್ಲಕ್ಕೂ ಅದೇ ಜಾಗ. ಅದೇ ಕಸದ ನಡುವೆ ಮೂರು ಕಲ್ಲಿಟ್ಟು ಮನೆಯ ಹೆಣ್ಣುಮಗಳು ಒಲೆ ಹಚ್ಚುತ್ತಾಳೆ. ಬೇಸಿಗೆಯಲ್ಲಿ ನೆತ್ತಿ ಸುಡುವ ಬಿಸಿಲು, ಮಳೆಗಾಲದಲ್ಲಿ ಹಿಮ್ಮಡಿ ಮುಳುಗುವ ಕೆಸರು.

ಸಹೋದರಿಯರೇ, ನಿಮ್ಮ ಒಂದು ದಿನವನ್ನು ಲೆಕ್ಕ ಹಾಕಿ ನೋಡಿ. ನೀರು ತುಂಬುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಸ್ನಾನಕ್ಕೆ ಹಂಡೆ ಕಾಯಿಸುವುದು, ಕಾಳು ಹಸನು ಮಾಡುವುದು, ರೊಟ್ಟಿ ಬಡಿಯುವುದು... ಇದರಲ್ಲಿ ಪಡಸಾಲೆಯಲ್ಲಿ ನಡೆಯುವ ಕೆಲಸ ಎಷ್ಟು? ಅತಿಥಿಗಳು ವರ್ಷದಲ್ಲಿ ನಾಲ್ಕಾರು ಸಲ ಕೂರುವ ಕೋಣೆಗೆ ಹೊಳೆಯುವ ನೆಲ, ಹೆಣ್ಣುಮಕ್ಕಳು ದಿನಕ್ಕೆ ನಾಲ್ಕೈದು ತಾಸು ನಿಲ್ಲುವ ಜಾಗಕ್ಕೆ ಹಸಿ ಮಣ್ಣು! ಮನೆಯ ಖರ್ಚಿನಲ್ಲಿ ಹಿತ್ತಲಿಗೂ ನ್ಯಾಯವಾದ ಒಂದು ಪಾಲು ಬೇಕು ಎಂಬುದಷ್ಟೇ ಈ ಲೇಖನದ ಅರಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮಣ್ಣು, ಕಲ್ಲು, ಬಿಸಿಲು, ಗಾಳಿಗೆ ಹೊಂದುವಂತೆ ಇದನ್ನು ಹೇಗೆ ಮಾಡಬಹುದು ಎಂಬುದನ್ನು ನೋಡೋಣ.

ಹಿಂದಿನವರಿಗೆ ಗೊತ್ತಿದ್ದದ್ದು

ತೆರೆದ ಅಂಗಳವೇನೂ ಹೊಸ ಫ್ಯಾಶನ್ ಅಲ್ಲ. ನಮ್ಮ ಕಡೆಯ ಹಳೆಯ ಕಲ್ಲು-ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ. ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಬಿಡುತ್ತಿದ್ದರು. ಸ್ಥಿತಿವಂತರ ಮನೆಗಳಲ್ಲಿ ನಡುವೆ ಇಲ್ಲವೇ ಹಿಂದೆ ಕಲ್ಲು ಹಾಸಿದ ಅಂಗಳವಿತ್ತು. ನಾವು ಸೆಹೆನ್ ಎನ್ನುತ್ತಿದ್ದುದು ಅದನ್ನೇ. ಹೆಂಗಸರು ಅಲ್ಲಿ ಹಪ್ಪಳ ಒಣಗಿಸಿದರು, ಕೂಸುಗಳನ್ನು ಮೀಯಿಸಿದರು, ಬೇಸಿಗೆಯ ರಾತ್ರಿ ಹಾಸಿಗೆ ಹಾಸಿದರು. ಪರದೆಯೂ ಉಳಿಯುತ್ತಿತ್ತು, ಆಕಾಶವೂ ಕಾಣುತ್ತಿತ್ತು.

ಇಂದು ಎಲ್ಲರ ಬಾಯಲ್ಲಿರುವ ‘ಪ್ಯಾಟಿಯೊ’ ಎಂಬ ಪದ ಸ್ಪೇನಿನದು. ಅಲ್ಲಿನ ಕೊರ್ಡೋವಾ ನಗರದಲ್ಲಿ, ಮುಸ್ಲಿಮರ ಆಳ್ವಿಕೆಗೂ ಮುಂಚೆ ರೋಮನರ ಕಾಲದಿಂದಲೇ, ಬಿಸಿಲಿನ ಊರಿಗೆ ತಕ್ಕಂತೆ ಅಂಗಳವನ್ನು ಒಳಗಿಟ್ಟು ಮನೆ ಕಟ್ಟುತ್ತಿದ್ದರು. ಮುಸ್ಲಿಮರು ಅದನ್ನು ನೀರು, ಗಿಡಗಳಿಂದ ಇನ್ನಷ್ಟು ತಂಪುಗೊಳಿಸಿದರು. ಆ ಅಂಗಳಗಳನ್ನು ಹೂಗಿಡಗಳಿಂದ ಸಿಂಗರಿಸುವ ಕೊರ್ಡೋವಾದ ಹಬ್ಬವನ್ನು 2012ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾವು ಮಾತ್ರ ಸ್ಲ್ಯಾಬಿನ ಮನೆ ಕಟ್ಟುವ ಅವಸರದಲ್ಲಿ ಇದ್ದ ಅಂಗಳವನ್ನೂ ಕಳೆದುಕೊಂಡೆವು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿಗಂತೂ ಗೋಡೆ, ಛಾವಣಿ ಎದ್ದರೂ ಹಳೆಯ ಬೇವಿನ ನೆರಳು ಮತ್ತೆ ಸಿಗಲು ಎಷ್ಟೋ ವರ್ಷ ಕಾಯಬೇಕಾಯಿತು.

ಮೊದಲು ನೆಲ

ಹಿತ್ತಲನ್ನು ಸರಿಮಾಡಲು ಹೊರಟವರು ಸಾಮಾನ್ಯವಾಗಿ ತಗಡಿನ ಮಾಡಿನಿಂದ ಶುರುಮಾಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಕಾಲ ಕೆಳಗೆ.

ನಮ್ಮದು ಎರೆಮಣ್ಣಿನ ಸೀಮೆ. ಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಕಟ್ಟಡಕ್ಕೆ ಮಾತ್ರ ಇದರಷ್ಟು ತೊಂದರೆ ಕೊಡುವ ಮಣ್ಣು ಇನ್ನೊಂದಿಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನೀವೇ ನೋಡಿದ್ದೀರಿ. ಇಂಥ ಮಣ್ಣಿನ ಮೇಲೆ ನೇರವಾಗಿ ಕಲ್ಲೋ ಕಾಂಕ್ರೀಟೋ ಹಾಸಿದರೆ ಒಂದೆರಡು ಮಳೆಗಾಲದಲ್ಲಿ ಅದು ಎದ್ದು, ಕುಸಿದು, ಬಿರುಕು ಬಿಡುತ್ತದೆ. ‘ಗೌಂಡಿ ಸರಿಯಿರಲಿಲ್ಲ’ ಎಂದು ಅವನನ್ನು ಬೈಯುತ್ತೇವೆ. ತಪ್ಪು ಕೆಳಗಿನ ಮಣ್ಣಿನದು.

ಇದಕ್ಕೆ ಉಪಾಯ ಹಳೆಯದೇ. ಕಲ್ಲು ಹಾಸುವ ಜಾಗದಲ್ಲಿ ಮೇಲಿನ ಎರೆಮಣ್ಣನ್ನು ಎಂಟು-ಒಂಬತ್ತು ಇಂಚು ತೆಗೆದುಹಾಕಿ ಅಲ್ಲಿ ಗರಸು ತುಂಬಬೇಕು. ಒಂದೇ ಸಲಕ್ಕೆ ಸುರಿಯಬಾರದು. ನಾಲ್ಕು ಇಂಚು ಹಾಕಿ, ನೀರು ಹೊಡೆದು, ಚೆನ್ನಾಗಿ ದಮ್ಮಸು ಮಾಡಿ, ಮೇಲೆ ಇನ್ನೊಂದು ಪದರ. ಹೀಗೆ ಒಂದು ಅಡಿ ಗಟ್ಟಿ ಗರಸು ನಿಂತರೆ ನೆಲ ಅಲುಗುವುದು ಬಹಳ ಕಡಿಮೆ. ತೆಗೆದ ಎರೆಮಣ್ಣನ್ನು ಎಸೆಯಬೇಡಿ, ಗಿಡಗಳ ಮಡಿಗೆ ಬೇಕಾಗುತ್ತದೆ.

ಹಾಸಲು ಯಾವ ಕಲ್ಲು? ನಮ್ಮ ಪುಣ್ಯಕ್ಕೆ ಅದು ಮನೆ ಬಾಗಿಲಲ್ಲೇ ಇದೆ. ಹಿಂದೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದು ಈಗ ತಾನೇ ಒಂದು ತಾಲೂಕಾಗಿರುವ ತಾಳಿಕೋಟೆಯ ಸುತ್ತಮುತ್ತ ಪದರುಪದರಾಗಿ ಏಳುವ ಸುಣ್ಣದ ಕಲ್ಲು ಸಿಗುತ್ತದೆ. ಇದನ್ನೇ ನಾವು ಫರಸಿ ಎನ್ನುತ್ತೇವೆ. ಕಲಬುರಗಿ ಕಡೆಯ ಶಹಾಬಾದ ಕಲ್ಲಿನ ಬಂಧುವೇ ಇದು. ದೂರದಿಂದ ಬರುವ ನುಣುಪು ಟೈಲ್ಸ್‌ಗೆ ಹೋಲಿಸಿದರೆ ಹಿತ್ತಲಿಗೆ ಇದೇ ಒಳ್ಳೆಯದು. ಪಾಲಿಶ್ ಮಾಡದ ಒರಟು ಮುಖವನ್ನು ಮೇಲೆ ಇಟ್ಟರೆ ಒದ್ದೆಯಾದರೂ ಕಾಲು ಜಾರುವುದಿಲ್ಲ. ನೀರಿನ ಕೊಡ ಹೊತ್ತು ನಡೆಯುವವರಿಗೆ, ವಯಸ್ಸಾದ ಅತ್ತೆಗೆ, ಬಸುರಿ ಸೊಸೆಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೇ?

ಈ ಕಲ್ಲಿಗೆ ಎರಡು ಶತ್ರುಗಳಿವೆ, ನೆನಪಿರಲಿ. ಒಂದು ಹುಳಿ. ನಿಂಬೆರಸ, ಹುಣಸೆ ನೀರು ಚೆಲ್ಲಿದಲ್ಲಿ ಸುಣ್ಣದ ಕಲ್ಲು ಕರಗಿ ಬಿಳಿ ಕಲೆ ನಿಲ್ಲುತ್ತದೆ. ಪಾಯಿಖಾನೆ ತೊಳೆಯುವ ಆ್ಯಸಿಡ್ ಅನ್ನಂತೂ ಇದರ ಮೇಲೆ ಸುರಿಯಲೇಬೇಡಿ. ಇನ್ನೊಂದು ಬೆಂಕಿ. ಇದೇ ಜಾತಿಯ ಕಲ್ಲನ್ನು ಸುಟ್ಟೇ ಸುಣ್ಣ ಮಾಡುವುದು. ಫರಸಿಯ ಮೇಲೆ ನೇರವಾಗಿ ಒಲೆ ಹೂಡಿದರೆ ಕಲ್ಲು ಸಿಡಿದು ಚೂರು ಹಾರಬಹುದು. ಒಲೆಯ ಕೆಳಗೂ ಸುತ್ತಲೂ ಸುಟ್ಟ ಇಟ್ಟಿಗೆಯೇ ಇರಲಿ.

ಇಳಿಜಾರನ್ನು ಮರೆಯಬಾರದು. ಮನೆಯ ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು ಬಿಟ್ಟರೆ ನೀರು ನಿಲ್ಲುವುದಿಲ್ಲ, ಗೋಡೆಗೆ ತೇವ ಏರುವುದಿಲ್ಲ. ಹಾಸಿದ ಕಲ್ಲು ಮನೆಯ ಒಳನೆಲಕ್ಕಿಂತ ಅರ್ಧ ಅಡಿ ತಗ್ಗಿರಲಿ, ಸುತ್ತಲಿನ ಮಣ್ಣಿಗಿಂತ ಸ್ವಲ್ಪ ಎತ್ತರವಿರಲಿ.

ನೆರಳು ಮತ್ತು ಗಾಳಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದ ಕಲ್ಲಿನ ಅಂಗಳ ಆಗ ರೊಟ್ಟಿ ಹಂಚಿನಂತೆ ಕಾಯುತ್ತದೆ. ಮಧ್ಯಾಹ್ನದ ನಂತರದ ಬಿಸಿಲು ಬರುವುದು ಪಶ್ಚಿಮದಿಂದ. ಮುಂಗಾರಿನಲ್ಲಿ ಧೂಳು, ಜಡಿಮಳೆ ಹೊತ್ತು ಬೀಸುವ ಗಾಳಿಯ ದಿಕ್ಕೂ ಹೆಚ್ಚಾಗಿ ಅದೇ. ಹೀಗಾಗಿ ಪಶ್ಚಿಮಕ್ಕೆ ಒಂದು ಗೋಡೆ ಅಥವಾ ದಟ್ಟ ಗಿಡಗಳ ಸಾಲು ಇದ್ದರೆ ಬಿಸಿಲು, ಗಾಳಿ ಎರಡಕ್ಕೂ ಒಂದೇ ತಡೆ.

ಮಾಡಿಗೆ ತಗಡು ಹಾಕುವುದು ರೂಢಿ. ಅದು ಬೇಗ ಕಾಯುತ್ತದೆ. ಆದರೆ ಎತ್ತರ ಒಂಬತ್ತು-ಹತ್ತು ಅಡಿಯಿದ್ದು, ಮೇಲ್ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ಒಂದು ಗೇಣು ಸಂದು ಬಿಟ್ಟಿದ್ದರೆ, ಮೇಲೆ ಬಿಳಿ ಬಣ್ಣ ಬಳಿದಿದ್ದರೆ ಸೆಕೆ ಬಹಳಷ್ಟು ತಗ್ಗುತ್ತದೆ. ಹಳೆಯ ಆ್ಯಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ಒಲೆಯ ಮೇಲೆ ಹಾಕುವುದು ಬೇಡ. ಬೆಂಕಿಯ ಝಳಕ್ಕೆ ಅವು ಸಿಡಿಯುತ್ತವೆ. ಒಡೆದಾಗ, ಕೊರೆದಾಗ ಏಳುವ ಧೂಳಿನ ಎಳೆಗಳು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತವೆ. ಹಸಿರು ನೆರಳು ಬಲೆ ಅಗ್ಗ, ಆದರೆ ಅದು ಪ್ಲಾಸ್ಟಿಕ್. ಕೂರುವ ಕಡೆ ಇರಲಿ, ಒಲೆಯ ಮೇಲೆ ಬೇಡವೇ ಬೇಡ. ಜೋಳದ ದಂಟು, ಗರಿಗಳ ಚಪ್ಪರಕ್ಕೂ ಇದೇ ಮಾತು.

ಒಲೆಯನ್ನು ಯಾವ ಮೂಲೆಯಲ್ಲಿ ಇಡಬೇಕು? ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿತ್ತಲಿನಲ್ಲಿ ಸ್ವಲ್ಪ ಲೋಬಾನ ಹಾಕಿ ಹೊಗೆ ಎತ್ತ ಹೋಗುತ್ತದೆಂದು ನೋಡಿ. ಮನೆಯ ಕಿಟಕಿಗೂ ನೆರೆಮನೆಯ ಬಾಗಿಲಿಗೂ ಹೋಗದ ಮೂಲೆ ಯಾವುದೋ ಅದೇ ಒಲೆಯ ಜಾಗ. ಗಾಳಿಯ ದಿಕ್ಕು ಮಳೆಗಾಲ, ಚಳಿಗಾಲಕ್ಕೆ ಬದಲಾಗುವುದರಿಂದ ಈ ಪರೀಕ್ಷೆಯನ್ನು ಎರಡು ಋತುಗಳಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಕಟ್ಟೆಯ ಮೇಲೆ ನಮಾಝ್ ಮಾಡುವ ರೂಢಿಯಿದ್ದರೆ ಉರಿಯುವ ಒಲೆ ಎದುರಿಗೆ, ಅಂದರೆ ಪಶ್ಚಿಮಕ್ಕೆ, ಬಾರದಂತೆಯೂ ನೋಡಿಕೊಳ್ಳಬಹುದು.

ಒಲೆ: ಕಣ್ಣು, ಎದೆ, ಸೊಂಟ

ಇಲ್ಲಿಗೆ ಬರುವಾಗ ವಿಷಯ ಅಂದಚೆಂದವನ್ನು ದಾಟಿ ಜೀವದ ಪ್ರಶ್ನೆಯಾಗುತ್ತದೆ. ಕಟ್ಟಿಗೆ, ಕುಳ್ಳು, ಇದ್ದಿಲು, ಸೀಮೆಎಣ್ಣೆಗಳನ್ನು ಮನೆಯೊಳಗೆ ಉರಿಸುವುದರಿಂದ ಉಂಟಾಗುವ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಅಮ್ಮನ ಮಡಿಲಲ್ಲಿ, ಒಲೆಯ ಪಕ್ಕದಲ್ಲಿ ಕೂತ ಮಕ್ಕಳು! ವರ್ಷಗಟ್ಟಲೆ ಒಲೆ ಊದಿದ ನಮ್ಮ ಅಜ್ಜಿಯರ ಕೆಂಪು ಕಣ್ಣು, ಬಿಡದ ಕೆಮ್ಮನ್ನು ನಾವು ವಯಸ್ಸಿನ ಕಾಯಿಲೆ ಎಂದುಕೊಂಡೆವು. ಅದರಲ್ಲಿ ಹೊಗೆಯ ಪಾಲು ಎಷ್ಟಿತ್ತೆಂದು ಯಾರೂ ಕೇಳಲಿಲ್ಲ.

2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆಯ ನಂತರ ಹಳ್ಳಿಹಳ್ಳಿಗೂ ಗ್ಯಾಸ್ ಬಂದಿದೆ. ಆದರೂ ಹಿತ್ತಲ ಒಲೆ ಆರಿಲ್ಲ. ಹಂಡೆ ನೀರಿಗೆ, ದಿನಕ್ಕೆ ಮೂವತ್ತು-ನಲವತ್ತು ಜೋಳದ ರೊಟ್ಟಿಗೆ, ಈದ್‌ನ ಬಿರಿಯಾನಿಗೆ ಸಿಲಿಂಡರ್ ಸುಡುವುದು ಎಷ್ಟೋ ಮನೆಗಳಿಗೆ ಭಾರ. ಹೊಲದಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಪುಕ್ಕಟೆ ಸಿಗುವಾಗ ಯಾರು ಬಿಟ್ಟಾರು? ಬಿಡಲಾಗದಿದ್ದರೆ ಒಲೆಯನ್ನಾದರೂ ಬದಲಿಸಬಹುದಲ್ಲವೇ?

ಒಲೆಯನ್ನು ಹೊರಗಿಟ್ಟರೆ ಅರ್ಧ ಗೆದ್ದಂತೆ, ಪೂರ್ತಿ ಅಲ್ಲ. ತೆರೆದ ಮೂರು ಕಲ್ಲಿನ ಒಲೆಯ ಮುಂದೆ ಬಾಗಿ ಕೂತವಳ ಮುಖಕ್ಕೆ ಹೊಗೆ ಹೊರಗೂ ಬಡಿಯುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲೆಂದು ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಅಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದೇ ಅಸ್ತ್ರ ಒಲೆ. ಅದರ ಗುಟ್ಟು ಸರಳ. ಕಟ್ಟಿಗೆ ನೆಲದ ಮೇಲೆ ಮಲಗುವ ಬದಲು ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಸಿಗುತ್ತದೆ. ಉರಿಯ ಸುತ್ತ ಮುಚ್ಚಿದ ಗೋಡೆ ಇರುವುದರಿಂದ ಕಾವು ಅತ್ತಿತ್ತ ಹೋಗುವುದಿಲ್ಲ. ಮೊದಲ ಪಾತ್ರೆಗೆ ತಾಗಿದ ಬಿಸಿ ಎರಡನೆಯ, ಮೂರನೆಯ ಪಾತ್ರೆಯ ಕೆಳಗೂ ಹಾದು ಚಿಮಣಿಯಿಂದ ಹೊರಹೋಗುತ್ತದೆ. ಒಂದೇ ಉರಿಯಲ್ಲಿ ಅನ್ನ, ಬೇಳೆ, ಸ್ನಾನದ ನೀರು!

ಸುಧಾರಿತ ಒಲೆಗಳನ್ನು ಹಂಚುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2002ರ ಹೊತ್ತಿಗೆ ನಿಂತಿತು. ಕಟ್ಟಿದ ಒಲೆಗಳಲ್ಲಿ ಎಷ್ಟೋ ಹಾಳಾದವು. ಚಿಮಣಿಯ ಮಸಿ ತೆಗೆಯುವುದನ್ನು ಯಾರೂ ಹೇಳಿಕೊಡದಿದ್ದರೆ ಎಂಥ ಒಲೆಯೂ ಹೊಗೆ ಕಾರುತ್ತದೆ. ಆ ತತ್ವಗಳು ಮಾತ್ರ ಇಂದಿಗೂ ಸರಿ. ಗೌಂಡಿಗೆ ಹೇಳಿ ಕಟ್ಟಿಸುವಾಗ ಇಷ್ಟನ್ನು ಗಮನಿಸಿ:

* ಉರಿಯ ಗೂಡನ್ನು ಸುಟ್ಟ ಇಟ್ಟಿಗೆಯಿಂದ, ಒಳಗೆ ಮಣ್ಣಿನ ಗಾರೆಯಿಂದ ಕಟ್ಟಿಸಿ. ಸಿಮೆಂಟ್ ಗಾರೆ ಕಾವಿಗೆ ಬಿರಿಯುತ್ತದೆ.

* ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಲ್ಲಿ ಬೂದಿ ತೆಗೆಯುವ ಬಾಯಿ ಇರಲಿ.

* ಚಿಮಣಿ ಮಾಡಿಗಿಂತ ಎರಡು ಅಡಿಯಾದರೂ ಮೇಲೇರಲಿ, ತುದಿಗೆ ಮಳೆ ಟೋಪಿ ಇರಲಿ. ತಿಂಗಳಿಗೊಮ್ಮೆ ಮಸಿ ತೆಗೆಯಲು ಬುಡದಲ್ಲಿ ಒಂದು ಕಿಂಡಿ ಬಿಡಿಸಿ. ತಗಡಿನ ಮಾಡನ್ನು ಚಿಮಣಿ ದಾಟುವಲ್ಲಿ ಮರದ ಜಂತಿ ತಾಗದಿರಲಿ.

* ಹಸಿ ಕಟ್ಟಿಗೆ ಬೇಡ. ಒಣಗಿದ, ಸಣ್ಣಗೆ ಸೀಳಿದ ಕಟ್ಟಿಗೆ ಹೊಗೆಯನ್ನು ಬಹಳಷ್ಟು ತಗ್ಗಿಸುತ್ತದೆ. ಕುಳ್ಳಿನ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಎತ್ತರದ ಮಾತು. ಕುಕ್ಕರುಗಾಲಿನಲ್ಲಿ ಕೂತು ಬಾಗಿ ಏಳುವುದರಿಂದ ಮೊಣಕಾಲು, ಸೊಂಟ ಸವೆಯುತ್ತವೆ. ನಿಂತು ಮಾಡುವ ಅಡಿಗೆಗೆ ಕಟ್ಟೆಯ ಎತ್ತರವನ್ನು ಗೌಂಡಿಯ ಅಳತೆಯಿಂದ ಮಾಡಿಸಬೇಡಿ, ನಿಮ್ಮ ಮೊಣಕೈಯಿಂದ ಮಾಡಿಸಿ. ನೆಟ್ಟಗೆ ನಿಂತು ಮೊಣಕೈ ಮಡಚಿ. ಅಲ್ಲಿಂದ ನಾಲ್ಕರಿಂದ ಆರು ಇಂಚು ಕೆಳಗೆ ನೀವು ಕೆಲಸ ಮಾಡುವ ಮಟ್ಟವಿರಬೇಕು. ರೊಟ್ಟಿ ಬಡಿಯಲು ಇದಕ್ಕಿಂತ ಇನ್ನೂ ಸ್ವಲ್ಪ ತಗ್ಗು ಬೇಕು, ಏಕೆಂದರೆ ಅಲ್ಲಿ ಮೇಲಿನಿಂದ ಭಾರ ಬೀಳಬೇಕು. ಕೂತೇ ರೊಟ್ಟಿ ಬಡಿಯುವ ರೂಢಿಯಿದ್ದವರು ಒಂದು ಗೇಣಿನ ಮಣೆ ಹಾಕಿಕೊಂಡು, ಒಲೆಯನ್ನೂ ಅಷ್ಟೇ ಎತ್ತರಿಸಿಕೊಂಡರೆ ಕಾಲಿಗೆ ಆರಾಮ.

ದೇಗಿನ ಒಲೆ ಬೇರೆಯೇ ಇರಬೇಕು. ವಲೀಮಾ, ಈದ್, ಅಕೀಖಾ ಎಂದರೆ ಹತ್ತಾರು ಕಿಲೋ ತೂಗುವ ಪಾತ್ರೆ. ಅದನ್ನು ಎತ್ತರದ ಕಟ್ಟೆಗೆ ಏರಿಸುವುದು, ಕುದಿಯುವಾಗ ಇಳಿಸುವುದು ಅಪಾಯ. ಇಟ್ಟಿಗೆ ಹಾಸಿದ ಒಂದು ಮೂಲೆಯಲ್ಲಿ ನೆಲದಿಂದ ಒಂದು ಅಡಿಯಷ್ಟು ತಗ್ಗಿನಲ್ಲಿ, ಗಟ್ಟಿ ಕಬ್ಬಿಣದ ಮುಕ್ಕಾಲಿಯ ಮೇಲೆ ದೇಗು ಕೂರಲಿ. ಅಲುಗುವ ಮೂರು ಕಲ್ಲಿನ ಮೇಲೆ ಬೇಡ. ಸುತ್ತ ಮೂರು ಅಡಿ ಖಾಲಿ ಇರಲಿ, ಮಕ್ಕಳು ದಾಟದಂತೆ ಒಂದು ಗೆರೆ ಎಳೆಯಿರಿ. ದಮ್ ಕಟ್ಟುವಾಗ ಮುಚ್ಚಳದ ಮೇಲೆ ಕೆಂಡ ಹಾಕಲು ಇದೇ ಎತ್ತರ ಅನುಕೂಲ.

ಉಡುಗೆಯ ಬಗ್ಗೆಯೂ ಒಂದು ಮಾತು. ನೈಲಾನ್ ದುಪಟ್ಟಾ, ಸಿಂಥೆಟಿಕ್ ಬುರ್ಖಾ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಒಲೆಯ ಮುಂದೆ ಹತ್ತಿಯ ಬಟ್ಟೆ ಇರಲಿ, ಸೆರಗನ್ನು ಕಟ್ಟಿಕೊಳ್ಳಿ. ಸುಟ್ಟರೆ ತಕ್ಷಣ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಪೇಸ್ಟ್, ಶಾಯಿ, ಅರಿಶಿಣ ಹಚ್ಚಬೇಡಿ. ಹೆಚ್ಚು ಸುಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗ್ಯಾಸನ್ನು ಹೊರಗಿಡುವವರಿಗೆ

ಕೆಲವರು ಗ್ಯಾಸ್ ಒಲೆಯನ್ನೂ ಹಿತ್ತಲಿಗೆ ತರಲು ಬಯಸುತ್ತಾರೆ. ತರಬಹುದು. ಸಿಲಿಂಡರ್ ಯಾವಾಗಲೂ ನೆಟ್ಟಗೆ, ನೆರಳಲ್ಲಿ, ಒಲೆಗಿಂತ ತಗ್ಗಿನಲ್ಲಿ ಇರಬೇಕು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರುವುದಿಲ್ಲ, ತಗ್ಗಿಗೆ ಹರಿದು ನಿಲ್ಲುತ್ತದೆ. ಗಟಾರದ ಬಾಯಿ, ನೀರಿನ ತೊಟ್ಟಿಯ ಗುಂಡಿ ಪಕ್ಕದಲ್ಲಿದ್ದರೆ ಅಲ್ಲಿ ಸೇರಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಕಟ್ಟಿಗೆ ಒಲೆ ಮತ್ತು ಸಿಲಿಂಡರ್ ನಡುವೆ ಹತ್ತು ಅಡಿಯಾದರೂ ಅಂತರವಿರಲಿ. ಬಿಸಿಲಿಗೆ ರಬ್ಬರ್ ಬೇಗ ಬಿರಿಯುವುದರಿಂದ ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ಬಳಸಿ, ಅದರ ಮೇಲೆ ಮುದ್ರಿಸಿದ ಅವಧಿ ಮುಗಿದೊಡನೆ ಬದಲಿಸಿ. ಗಾಳಿಗೆ ಉರಿ ಆರದಂತೆ ಮೂರು ಕಡೆ ಮೊಳದೆತ್ತರದ ಮರೆ ಇದ್ದರೆ ಸಾಕು. ಪೂರ್ತಿ ಮುಚ್ಚಿಬಿಟ್ಟರೆ ಹೊರಗೆ ತಂದ ಲಾಭವೇ ಹೋಯಿತು.

ನೀರು ಎಲ್ಲಿ ಹೋಗಬೇಕು?

ಪಾತ್ರೆ ತೊಳೆದ ನೀರು, ವುಝೂ ನೀರು, ಬಟ್ಟೆ ಒಗೆದ ನೀರು ಎಲ್ಲಿ ಹೋಗುತ್ತಿದೆ? ಬಹಳಷ್ಟು ಕಡೆ ಗೋಡೆಯ ಬುಡದಲ್ಲಿ ನಿಂತು ಸೊಳ್ಳೆ ಸಾಕುತ್ತದೆ. ಇಂಗುಗುಂಡಿ ತೋಡಿ ಎಂದು ಎಲ್ಲರೂ ಹೇಳುತ್ತಾರೆ. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಗುಂಡಿ ಕೆಲವೇ ದಿನಗಳಲ್ಲಿ ತುಂಬಿ ನಾರುತ್ತದೆ. ನಮ್ಮ ಕಡೆಗೆ ಒಳ್ಳೆಯ ದಾರಿಯೆಂದರೆ ನೀರನ್ನು ಗಿಡಗಳಿಗೆ ಹಂಚುವುದು. ತೊಳೆಯುವ ಕಟ್ಟೆಯಿಂದ ಬರುವ ನೀರು ಮೊದಲು ಜಲ್ಲಿ ತುಂಬಿದ ಒಂದು ಸಣ್ಣ ತೊಟ್ಟಿ ಹಾದು, ಜಿಡ್ಡು, ಅನ್ನದ ಅಗುಳು ಅಲ್ಲೇ ಉಳಿದು, ಬಾಳೆಯ ಮಡಿಗೆ ಹೋಗಲಿ. ಎರಡು-ಮೂರು ಬಾಳೆ ಬುಡಗಳು ಒಂದು ಮನೆಯ ನೀರಿನ ದೊಡ್ಡ ಪಾಲನ್ನು ಕುಡಿಯುತ್ತವೆ. ವುಝೂ ನೀರಿನಲ್ಲಿ ಸೋಪು ಇಲ್ಲ, ಅದನ್ನು ಪುದೀನ, ಕೊತ್ತಂಬರಿ, ಕರಿಬೇವಿಗೆ ನೇರವಾಗಿ ಬಿಡಬಹುದು. ಕುರ್ಬಾನಿಯ ದಿನದ ರಕ್ತ, ತ್ಯಾಜ್ಯವನ್ನು ಮಾತ್ರ ಈ ಕಾಲುವೆಗೆ ಬಿಡಬಾರದು. ಬೇರೆ ಆಳದ ಗುಂಡಿಯಲ್ಲಿ ಹೂತು ಮಣ್ಣು ಮುಚ್ಚಬೇಕು.

ನಮ್ಮ ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು ಆರುನೂರು ಮಿಲಿಮೀಟರಿನ ಒಳಗೇ. ಅದೂ ಖಾತ್ರಿಯಿಲ್ಲ. ಬರೀ ಐನೂರು ಎಂದುಕೊಳ್ಳೋಣ. ಹನ್ನೆರಡು ಅಡಿಗೆ ಹತ್ತು ಅಡಿಯ ಒಂದು ತಗಡಿನ ಮಾಡಿನಿಂದ, ಸೋರಿಹೋಗುವ ಪಾಲನ್ನು ಕಳೆದ ಮೇಲೂ, ವರ್ಷಕ್ಕೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಮಳೆನೀರು ಸಿಗುತ್ತದೆ. ಡೋಣಿ ಹೊಳೆಯ ಸಾಲಿನ ಸವಳು ನೀರಿನ ಊರುಗಳವರಿಗೆ ಈ ಸಿಹಿನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಮುಚ್ಚಳವಿರುವ ಡ್ರಮ್ಮಿಗೆ ತುಂಬಿಸಿಕೊಳ್ಳಿ. ಗಿಡಕ್ಕೆ, ತೊಳೆಯುವುದಕ್ಕೆ ಧಾರಾಳ.

ಗಿಡಗಳಲ್ಲಿ ಇಂಡಿ, ಸಿಂದಗಿಯವರಿಗೆ ಹೇಳಲೇಬೇಕಾದದ್ದು ನಿಂಬೆ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತೋಟವಿಲ್ಲದವರ ಹಿತ್ತಲಿನಲ್ಲೂ ಒಂದು ನಿಂಬೆ ಗಿಡಕ್ಕೆ ಜಾಗವಿದೆ. ಮೂರು-ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಅದಕ್ಕೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಒಲೆಯ ಝಳ ತಾಗಬಾರದು. ನೆರಳಿಗೆ ಬೇವು, ತರಕಾರಿಗೆ ನುಗ್ಗೆ. ಬೇವನ್ನು ಗೋಡೆಯಿಂದ ಹದಿನೈದು ಅಡಿ ದೂರ ನೆಡಿ. ಎರೆಮಣ್ಣಿನಲ್ಲಿ ಮರದ ಬೇರು ತೇವ ಹೀರಿ ಗೋಡೆಯ ಬುಡವನ್ನು ಇನ್ನಷ್ಟು ಬಿರಿಯಿಸುತ್ತದೆ.

ಮರೆಯೂ ಬೇಕು, ನೆರೆಯೂ ಬೇಕು

ಹಿತ್ತಲಿನಲ್ಲಿ ಹೆಣ್ಣುಮಕ್ಕಳು ತಲೆಯ ಬಟ್ಟೆ ಸಡಿಲಿಸಿ ನೆಮ್ಮದಿಯಿಂದ ಕೂರಬೇಕಾದರೆ ಮರೆ ಬೇಕು. ಅದಕ್ಕಾಗಿ ಎಂಟು ಅಡಿ ಗೋಡೆ ಎತ್ತಿ ಗಾಳಿಯನ್ನೇ ಮುಚ್ಚುವವರಿದ್ದಾರೆ. ಐದು ಅಡಿ ಗಟ್ಟಿ ಗೋಡೆ, ಮೇಲೆರಡು ಅಡಿ ಜಾಳಿ ಇಟ್ಟಿಗೆ, ಅದಕ್ಕೆ ಹಬ್ಬಿದ ಮಲ್ಲಿಗೆಯೋ ಹೀರೆಯೋ ಇದ್ದರೆ ಕಣ್ಣು ತೂರುವುದಿಲ್ಲ, ಗಾಳಿ ತೂರುತ್ತದೆ.

ಗೋಡೆಯಾಚೆ ಇರುವವರನ್ನೂ ನೆನೆಯಿರಿ. ಸಾರಿಗೆ ಒಂದಿಷ್ಟು ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ತಲುಪಿಸಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ನಮಗೆಲ್ಲ ಗೊತ್ತಿದೆ. ಸಾರಿನ ಪಾಲನ್ನು ಮರೆತು ಹೊಗೆಯ ಪಾಲನ್ನು ಮಾತ್ರ ಕಳಿಸಿದರೆ ಅದು ಎಂಥ ನೆರೆತನ? ಚಿಮಣಿಯ ಬಾಯಿ ಎತ್ತ, ನೀರಿನ ಇಳಿಜಾರು ಎತ್ತ, ಗೋಡೆ ಯಾರದು ಎಂಬುದನ್ನು ಕೆಲಸ ಶುರುಮಾಡುವ ಮೊದಲೇ ಪಕ್ಕದ ಮನೆಯವರೊಂದಿಗೆ ಕೂತು ಮಾತಾಡಿ. ಅವರು ಯಾವ ಜಾತಿ, ಮತದವರೇ ಆಗಿರಲಿ, ಮುಂಚೆ ಕೇಳಿದರೆ ‘ಆಗಲಿ’ ಎನ್ನುವವರು ಕಟ್ಟಿದ ಮೇಲೆ ತಕರಾರು ತೆಗೆಯುತ್ತಾರೆ.

ಖರ್ಚಿನ ಲೆಕ್ಕ

‘ಇಷ್ಟೆಲ್ಲ ಮಾಡಲು ದುಡ್ಡೆಲ್ಲಿದೆ?’ ಎಂದು ಕೇಳುತ್ತೀರಿ. ಒಂದೇ ಸಲಕ್ಕೆ ಮಾಡಬೇಕೆಂದು ಯಾರು ಹೇಳಿದರು? ಹನ್ನೆರಡು ಅಡಿಗೆ ಹತ್ತು ಅಡಿ, ಅಂದರೆ 120 ಚದರ ಅಡಿಯ ಅಂಗಳವನ್ನೇ ತೆಗೆದುಕೊಳ್ಳಿ. ಒಂದು ಅಡಿ ಗಟ್ಟಿ ಗರಸಿಗೆ, ಬಡಿದಾಗ ಕುಗ್ಗುವುದನ್ನೂ ಸೇರಿಸಿ, ಸುಮಾರು 150 ಘನ ಅಡಿ ಬೇಕು. ನೂರು ಘನ ಅಡಿಗೆ ಒಂದು ಬ್ರಾಸ್ ಎಂಬ ಲೆಕ್ಕದಲ್ಲಿ ಇದು ಒಂದೂವರೆ ಬ್ರಾಸ್. ಫರಸಿ, ಒಡೆಯುವ ಪಾಲೂ ಸೇರಿ, 130 ಚದರ ಅಡಿ. ಹಾಸುವ ಗಾರೆಗೆ ಮೂರು-ನಾಲ್ಕು ಚೀಲ ಸಿಮೆಂಟ್, ಕಾಲು ಬ್ರಾಸ್ ಮರಳು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಮ್ಮ ಊರಿನ ಇಂದಿನ ದರ ವಿಚಾರಿಸಿ. ನಂತರ ಪಡಸಾಲೆಯ ಟೈಲ್ಸ್‌ಗೋ ಗೇಟಿಗೋ ಕೊಟ್ಟ ಹಣದ ಪಕ್ಕದಲ್ಲಿಟ್ಟು ನೋಡಿ.

ಮೊದಲ ವರ್ಷ ಗಿಡ ನೆಡಿ ಮತ್ತು ನೀರಿನ ದಾರಿ ಸರಿಮಾಡಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಆಮೇಲೆ ಒಲೆ, ಚಿಮಣಿ, ಅದರ ಮೇಲಿನ ಮಾಡು. ಕೊನೆಗೆ ಕಲ್ಲು ಹಾಸು, ಕೂರುವ ಕಟ್ಟೆ. ಬಾಡಿಗೆ ಮನೆಯವರು ಕಟ್ಟಿಸಲಾಗದಿದ್ದರೆ ಗರಸು ಬಡಿದು ಅದರ ಮೇಲೆ ಬಿಡಿ ಫರಸಿಗಳನ್ನು ಮರಳಿನಲ್ಲಿ ಕೂರಿಸಬಹುದು, ಹೋಗುವಾಗ ಎತ್ತಿಕೊಂಡು ಹೋಗಬಹುದು.

ಗೌಂಡಿಯನ್ನು ಕರೆಯುವ ಮುನ್ನ

* ಒಲೆಯ ಮುಂದೆ ನಿಲ್ಲುವವರು ಯಾರೋ ಅವರ ಅಳತೆ ತೆಗೆದುಕೊಂಡಿದ್ದೀರಾ?

* ಲೋಬಾನದ ಪರೀಕ್ಷೆ ಮಾಡಿ ಹೊಗೆಯ ದಿಕ್ಕು ನೋಡಿದ್ದೀರಾ?

* ನೀರು ಹೊರಹೋಗುವ ಕೊನೆಯ ಜಾಗ ಯಾವುದು?

* ಕಟ್ಟಿಗೆಯನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಟ್ಟಲು ಜಾಗವಿದೆಯೇ? ನೆಲದ ಮೇಲಿನ ರಾಶಿಯಲ್ಲಿ ಚೇಳು, ಹಾವು ಸೇರುತ್ತವೆ.

* ಸಂಜೆಗೆ ದೀಪ ಬೇಕಲ್ಲವೇ? ಸ್ವಿಚ್ ಒಳಗಿರಲಿ, ಹೊರಗಿನ ವೈರಿಗೆ ಅರ್ಥಿಂಗ್ ಇರಲಿ.

* ಕೂರಲು ಒಂದು ಕಟ್ಟೆ ಬಿಟ್ಟಿದ್ದೀರಾ?

ಈ ಕೊನೆಯ ಪ್ರಶ್ನೆಯನ್ನೇ ಹೆಚ್ಚಿನವರು ಮರೆಯುತ್ತಾರೆ. ಹಿತ್ತಲೆಂದರೆ ಹೆಂಗಸಿಗೆ ಇನ್ನಷ್ಟು ಕೆಲಸ ಮಾಡುವ ಜಾಗ ಎಂದು ಮಾತ್ರ ತಿಳಿದರೆ ಇಷ್ಟು ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಒಂದೂವರೆ ಅಡಿ ಎತ್ತರ, ಒಂದೂವರೆ ಅಡಿ ಅಗಲದ ಒಂದು ಕಲ್ಲಿನ ಕಟ್ಟೆಯನ್ನು ಬೇವಿನ ನೆರಳಿಗೆ ಕಟ್ಟಿಸಿ. ಅಸರ್ ನಂತರ ಚಹಾ ಕುಡಿಯಲು, ಮಕ್ಕಳ ಪಾಠ ಕೇಳಲು, ಈ ಪತ್ರಿಕೆಯನ್ನೇ ಓದಲು, ಏನೂ ಮಾಡದೆ ಹತ್ತು ನಿಮಿಷ ಸುಮ್ಮನೆ ಕೂರಲು. ರಮಝಾನಿನಲ್ಲಿ ಮನೆಮಂದಿಯೆಲ್ಲ ಅಲ್ಲೇ ಇಫ್ತಾರ್‌ಗೆ ಕೂತರೆ ಒಲೆಯ ಮುಂದಿರುವವಳು ಒಬ್ಬಂಟಿಯಾಗುವುದಿಲ್ಲ, ಬಡಿಸಲು ಗಂಡಸರ ಕೈಗಳೂ ಹತ್ತಿರ ಸಿಗುತ್ತವೆ. ಮನೆಗೆಲಸದಲ್ಲಿ ನೆರವಾಗುವುದು ಪ್ರವಾದಿ(ಸ)ಯವರ ದಿನಚರಿಯೇ ಆಗಿತ್ತಲ್ಲವೇ?

ಸಹೋದರರಿಗೂ ಒಂದು ಮಾತು. ಮುಂದಿನ ಸಲ ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಗೇಟಿಗೆ ಹೊಸ ಬಣ್ಣ ಬಳಿಯುವ ಮುನ್ನ ಹಿತ್ತಲ ಬಾಗಿಲು ತೆರೆಯಿರಿ. ಒಲೆ ಉರಿಯುತ್ತಿರುವ ಹೊತ್ತಿನಲ್ಲಿ ಅಲ್ಲಿ ಅರ್ಧ ಗಂಟೆ ನಿಂತು ನೋಡಿ. ಹಣ ಎಲ್ಲಿ ಹೋಗಬೇಕೆಂಬುದನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ.